ಅರ್ಧ ಬಾಟಲಿ

ಬೆಳಗಿನಿಂದ ಬರೆದ ಚೀಟಿಗಳಲ್ಲಿ ಒಂದೂ ಸರಿಬರದೆ ಅವನು ಎಲ್ಲವನ್ನೂ ಹರಿದು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದ್ದ. ಈಗ ಇನ್ನೊಂದರ ಮೇಲೆ ಪೆನ್ನು ಊರಿ ಕೂತಿದ್ದಾಗ ಮಸಿಯ ಹನಿಯೊಂದು ತಾನಾಗಿಯೇ ಇಳಿದು, 'ಹದಿನೈದು ವರ್ಷ ನೆಮ್ಮದಿಯಾಗಿ ಇಡಬಹುದು' ಎಂಬ ಸಾಲಿನಲ್ಲಿ ನೆಮ್ಮದಿಯನ್ನು ನುಂಗಿಹಾಕಿತು. ವೈನ್ ಅಂಗಡಿಯಲ್ಲಿ ಅವನ ಕೆಲಸ ಇದೇ: ಪ್ರತಿ ಬಾಟಲಿಯ ಕೊರಳಿಗೆ ನೇತುಹಾಕುವ ಚೀಟಿ ಬರೆಯುವುದು. ಯಾವ ದ್ರಾಕ್ಷಿ, ಎಂಥ ರುಚಿ, ಯಾವಾಗ ತೆಗೆದು ಕುಡಿಯಬೇಕು. ಅಚ್ಚು ಹಾಕಿಸಿದರೆ ಗಿರಾಕಿ ನಂಬುವುದಿಲ್ಲ, ಕೈಬರಹವಾದರೆ ಯಾರೋ ಕುಡಿದು ನೋಡಿಯೇ ಬರೆದಿದ್ದಾರೆ ಅಂದುಕೊಳ್ಳುತ್ತಾನೆ ಎಂಬುದು ಯಜಮಾನರ ಲೆಕ್ಕ. ಬರೆಯುವವನು ಕುಡಿದು ನೋಡಿದ್ದು ಅಷ್ಟರಲ್ಲೇ ಇತ್ತು. ಹೊರದೇಶದಿಂದ ಮಾಲು ಕಳಿಸುವವರ ಕಾಗದಗಳನ್ನು ಓದಿ, ಅಲ್ಲಿಂದೆರಡು ಇಲ್ಲಿಂದೆರಡು ಮಾತು ಹೆಕ್ಕಿ ಅವನು ರುಚಿಯನ್ನು ಕಟ್ಟುತ್ತಿದ್ದ. ಅಂಗಡಿಯಲ್ಲಿ ಅವನ ಹೆಸರೇ ಚೀಟಿ ಎಂದಾಗಿಬಿಟ್ಟಿತ್ತು. 'ಅಕ್ಷರ ಮುತ್ತಿನಂಥದು, ನಾಲಿಗೆ ಮಾತ್ರ ಚಪ್ಪಲಿ ಚರ್ಮ' ಎಂದು ಯಜಮಾನರು ಗಿರಾಕಿಗಳ ಎದುರಿಗೇ ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ನಿಜ ಹೇಳಬೇಕೆಂದರೆ ಆ ಅಕ್ಷರವೂ ಅವನದಲ್ಲ. ಅಡುಗೆಮನೆಯ ಮೇಜಿನ ಮೇಲೆ ಅವನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಅಕ್ಕ ತಿದ್ದಿಸಿದ್ದು. ಅವಳ ಅಕ್ಷರದ ಬಾಲಗಳೆಲ್ಲ ಎಡಕ್ಕೆ ಸ್ವಲ್ಪ ಸೊಟ್ಟಗೆ ತಿರುಗುತ್ತವೆ, ಅವನವೂ ಹಾಗೆಯೇ. ಇಬ್ಬರ ಬರಹ ಪಕ್ಕಪಕ್ಕ ಇಟ್ಟರೆ ಅಪ್ಪನಿಗೂ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಮಸಿ ಒಣಗಲು ಊದುತ್ತ ಅವನು ಕಿಟಕಿಯ ಕಡೆ ನೋಡಿದ. ಎದುರಿನ ಕನ್ನಡಕದ ಅಂಗಡಿಯಲ್ಲಿ ಹೆಂಗಸೊಬ್ಬಳು ಒಂದಾದ ಮೇಲೊಂದು ಕನ್ನಡಕ ಹಾಕಿ ತೆಗೆಯುತ್ತಿದ್ದಳು. ಪ್ರತಿ ಸಲವೂ ಮುಖ ಬೇರೆ ಯಾರದೋ ಆಗುತ್ತಿತ್ತು. ಇವತ್ತು ಮಧ್ಯಾಹ್ನ ಅಕ್ಕನ ಮನೆಗೆ ಬಾಟಲಿ ಒಯ್ಯಬೇಕು. 'ಬಟಾಣಿ ಹುಟ್ಟಿದ ವರ್ಷದ ದ್ರಾಕ್ಷಿದು ಒಂದು ಬಾಟಲಿ ತಗೊಂಡು ಬಾರೋ ಪುಟ್ಟ. ಇಟ್ಟಷ್ಟೂ ಒಳ್ಳೇದಾಗೋ ಅಂಥದ್ದು. ಅವಳಿಗೆ ಇಪ್ಪತ್ತೊಂದು ತುಂಬಿದ ದಿನ ತೆಗೀಬೇಕು. ನನಗೇನು ಗೊತ್ತಾಗುತ್ತೆ, ನೀನೇ ಆರಿಸು' ಎಂದು ಹೊಲಿಯುತ್ತ ಕೂತಿದ್ದ ಅಕ್ಕ ಹೇಳಿದಾಗ ಅವಳ ತುಟಿಯಲ್ಲಿ ಸೂಜಿ ಇತ್ತು, ಮಾತು ಒಂದು ಕಡೆಯಿಂದ ಬರುತ್ತಿತ್ತು. ಅಕ್ಕನ ಮಗಳು ಬಟಾಣಿಗೆ ಈಗ ಐದು ವರ್ಷ. ಅವನು ಸರಿ ಅಕ್ಕ ಎಂದಿದ್ದ, ಅಷ್ಟು ಸಲೀಸಾಗಿ ಎಂದಿದ್ದ ಎಂದರೆ ಆಮೇಲೆ ಮೆಟ್ಟಿಲಿಳಿಯುವಾಗ ತನ್ನ ದನಿಯೇ ಹಿಂದೆ ಬರುತ್ತಿರುವಂತೆ ಅನ್ನಿಸಿ ತಿರುಗಿ ನೋಡಿದ್ದ. ಅದಕ್ಕೂ ಮೊದಲು ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಡಾಕ್ಟರು ಅಕ್ಕನ ವಿಷಯವಾಗಿ ಭಾವನಿಗೂ ಅವನಿಗೂ ಹೇಳಿದ್ದು ಇಷ್ಟೇ: 'ಮುಂದಿನ ವರ್ಷದ ಮಾತು ಈಗ ಬೇಡ. ಇರುವಷ್ಟು ದಿನ ನೋವಿಲ್ಲದ ಹಾಗೆ ನೋಡಿಕೊಳ್ಳೋಣ.' ಡಾಕ್ಟರ ಜೇಬಿನಲ್ಲಿ ಪೆನ್ನು ಸೋರಿ ಬಿಳಿ ಕೋಟಿನ ಮೇಲೆ ನೀಲಿ ಕಲೆ ದೊಡ್ಡದಾಗುತ್ತಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಅವನು ಯೋಚಿಸುತ್ತಿದ್ದ. ತನ್ನ ಒಡಹುಟ್ಟಿದವಳ ಆಯಸ್ಸಿನ ಮಾತು ನಡೆಯುತ್ತಿದ್ದಾಗ ಅವನ ತಲೆಯಲ್ಲಿ ಇದ್ದದ್ದು ಆ ಕಲೆ. ಆಮೇಲೆ ಭಾವ ಅವನ ತೋಳು ಹಿಡಿದು, 'ಅವಳಿಗೆ ಗೊತ್ತಾಗಬಾರದು. ನನಗೆ ಮಾತು ಕೊಡು. ನಿನ್ನನ್ನ ಬಿಟ್ರೆ ನಂಗ್ಯಾರಿದಾರೆ' ಎಂದಾಗ ಎದೆಯೊಳಗೆ ಏನೋ ಸಣ್ಣಗೆ ಉಬ್ಬಿತ್ತು. ಹೆಮ್ಮೆ. ಇಷ್ಟು ವರ್ಷ ತನ್ನನ್ನು ಕೈಲಾಗದವನಂತೆ ಕಾಣುತ್ತಿದ್ದ ಭಾವ ಗುಟ್ಟೊಂದನ್ನು ತನ್ನ ಕೈಗೆ ಕೊಟ್ಟರಲ್ಲ ಎಂಬ ಹೆಮ್ಮೆ. ಒಂದು ಕ್ಷಣವಷ್ಟೇ. ಆದರೆ ಆ ಕ್ಷಣ ಇತ್ತು, ಅದನ್ನು ಅಲ್ಲಗಳೆಯುವಂತಿರಲಿಲ್ಲ.

ನೆಲಮಾಳಿಗೆಗೆ ಇಳಿದ. ಬಾಟಲಿಗಳು ಕತ್ತಲಲ್ಲಿ ಒಂದೇ ಮಗ್ಗುಲಾಗಿ ಮಲಗಿದ್ದವು. ಬಿರಡೆ ಒಣಗಬಾರದೆಂದು ಅವನ್ನು ಹಾಗೆ ಮಲಗಿಸುತ್ತಾರೆ. ಇಲ್ಲಿಗೆ ಬಂದಾಗಲೆಲ್ಲ ಅವನಿಗೆ ವಾರ್ಡಿನಲ್ಲಿ ಕಾಲ ಸದ್ದಾಗದಂತೆ ನಡೆದ ನೆನಪಾಗುತ್ತಿತ್ತು. ಅಕ್ಕ ಕೇಳಿದ ವರ್ಷದ ಫ್ರೆಂಚ್ ಕೆಂಪು ವೈನುಗಳು ಒಳಗೋಡೆಗೆ ಇದ್ದವು. ಎರಡು ಬಗೆಯವು. ಒಂದು, ಅಲ್ಲಿನ ನದಿಯ ಆಚೆ ದಡದ ಜಿಗುಟು ಮಣ್ಣಿನದು. ಅದರಲ್ಲಿ ಮೆರ್ಲೋ ದ್ರಾಕ್ಷಿಯದೇ ಹೆಚ್ಚಿನ ಪಾಲು, ಮೆದು, ಬೇಗ ಒಲಿಯುತ್ತದೆ, ಬೇಗ ದಣಿಯುತ್ತದೆ. ಇನ್ನೊಂದು ಈಚೆ ದಡದ ಕಲ್ಲುನೆಲದ್ದು, ಕ್ಯಾಬರ್ನೆ ದ್ರಾಕ್ಷಿ ಮುಂದಾಗಿರುವುದು. ದಪ್ಪ ಸಿಪ್ಪೆಯ ಸಣ್ಣ ಕಾಳು, ಬಾಯಿ ಹಿಡಿಯುವ ಒಗರು. ಆ ಒಗರೇ ಅದನ್ನು ಕಾಯುವುದು. ವರ್ಷ ಕಳೆದಂತೆ ಒಗರು ಕರಗಿ ತಳಕ್ಕೆ ಇಳಿಯುತ್ತದೆ, ಒಳಗಿನ ಹಣ್ಣು ಮೇಲೆ ಬರುತ್ತದೆ. ಬರೀ ಕ್ಯಾಬರ್ನೆಯಾದರೆ ಎಲುಬಿನ ಗೂಡು. ಅದಕ್ಕೇ ಮೈತುಂಬಲು ಒಂದಿಷ್ಟು ಮೆರ್ಲೋ, ಬಣ್ಣಕ್ಕೆ ಮೂರನೆಯದೊಂದು ದ್ರಾಕ್ಷಿ. ಒಂದು ಹಣ್ಣಾಗುವ ಹೊತ್ತಿಗೆ ಹವೆ ಕೆಟ್ಟರೂ ಇನ್ನೊಂದು ಉಳಿದಿರಲಿ ಎಂದೇ ಅಲ್ಲಿನವರು ಎಲ್ಲವನ್ನೂ ಬೆಳೆದು ಬೆರೆಸುವುದನ್ನು ಕಲಿತದ್ದಂತೆ. ಇದನ್ನೆಲ್ಲ ಅವನು ನೂರಾರು ಚೀಟಿಗಳಲ್ಲಿ ಬರೆದಿದ್ದ. ಯಾವುದನ್ನು ಆರಿಸಬೇಕೆಂಬುದರಲ್ಲಿ ಅನುಮಾನವೇ ಇರಲಿಲ್ಲ: ಕಲ್ಲುನೆಲದ್ದು, ಹದಿನಾರು ವರ್ಷಕ್ಕೆ ಸರಿಯಾಗಿ ಅರಳುವಂಥದು. ಕೈಚಾಚಿ ಅದರ ತಣ್ಣನೆಯ ಭುಜ ಮುಟ್ಟಿದ. ಮುಟ್ಟಿದ ಕೂಡಲೇ ಅದನ್ನು ಅಕ್ಕನ ಕೈಗೆ ಕೊಡುವ ಗಳಿಗೆ ಕಣ್ಣಿಗೆ ಕಟ್ಟಿತು. 'ಹದಿನಾರು ವರ್ಷ ಬಿಟ್ಟು ಎಲ್ಲ ಸೇರಿ ತೆಗೆಯೋಣ ಅಕ್ಕ' ಎನ್ನಬೇಕು. ಅವಳು 'ಆಗ ನನಗೆ ತಲೆಯೆಲ್ಲ ಬೆಳ್ಳಗಾಗಿರುತ್ತೆ' ಎಂದೇನಾದರೂ ಅಂದುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳುವುದು. ಕೈ ಹಿಂದಕ್ಕೆ ಬಂತು.

ಅದೇ ಸಾಲಿನ ತುದಿಯಲ್ಲಿ ಅದೇ ತೋಟದ, ಅದೇ ವರ್ಷದ ಅರ್ಧ ಬಾಟಲಿಗಳಿದ್ದವು. ಒಮ್ಮೆ, ಎಲ್ಲರೂ ಗಟ್ಟಿಯಾಗಿದ್ದ ಕಾಲದಲ್ಲಿ, ಅಕ್ಕನ ಮನೆಯ ಊಟದ ಮೇಜಿನಲ್ಲಿ ಅವನು ತನಗೂ ನಾಲ್ಕು ವಿಷಯ ಗೊತ್ತೆಂದು ತೋರಿಸಿಕೊಳ್ಳಲು ಅರ್ಧ ಬಾಟಲಿಯ ಸಂಗತಿ ಎತ್ತಿದ್ದ. ಬಾಟಲಿ ಚಿಕ್ಕದಾದರೂ ಬಾಯಿ ಅಷ್ಟೇ ಅಗಲ, ಬಿರಡೆಯ ಸಂದಿಯಿಂದ ಒಳಬರುವ ಗಾಳಿ ಅಷ್ಟೇ. ಅದನ್ನು ತಾಳಿಕೊಳ್ಳಬೇಕಾದ ವೈನು ಮಾತ್ರ ಅರ್ಧ. ಹಾಗಾಗಿ ಅದೇ ವೈನು ಅರ್ಧ ಬಾಟಲಿಯಲ್ಲಿ ಬೇಗ ಹಣ್ಣಾಗುತ್ತದೆ, ಬೇಗ ಮುಗಿಯುತ್ತದೆ. ಊರಲ್ಲಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ದಣಿದು ಬಂದ ಭಾವ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದ್ದರು. ಅಕ್ಕ ಒಬ್ಬಳೇ ಗಲ್ಲಕ್ಕೆ ಕೈಕೊಟ್ಟು ಕೇಳಿ, 'ಪಾಪ, ಚಿಕ್ಕದಾಗಿ ಹುಟ್ಟಿದ ತಪ್ಪಿಗಾ' ಎಂದಿದ್ದಳು. ಈಗ ಅವನ ಕೈ ಅರ್ಧ ಬಾಟಲಿಯನ್ನು ಎತ್ತಿಕೊಂಡಿತು. ಹಗುರ. ಬೇಗ ಆಗುತ್ತೆ, ಅಷ್ಟೇ ತಾನೇ, ಎಂದುಕೊಂಡ. ಆರೇಳು ವರ್ಷಕ್ಕೇ ತೆಗೆಯಬಹುದು. ಹದಿನಾರು ಎನ್ನುವುದು ಸುಳ್ಳು, ಆರು ಎನ್ನುವುದು ಅಷ್ಟು ದೊಡ್ಡ ಸುಳ್ಳಲ್ಲ. ಇದು ಎಂಥ ಲೆಕ್ಕ ಎಂದು ತನ್ನನ್ನೇ ಕೇಳಿಕೊಳ್ಳುವ ಮೊದಲು ಮೇಲೆ ಬಂದಿದ್ದ.

ಕೌಂಟರಿನ ಹಿಂದಿದ್ದ ಗಡ್ಡದವನು ಬಾಟಲಿ ನೋಡಿದ. 'ಯಾರಿಗೋ ಇದು, ಚೀಟಿ?'

'ಅಕ್ಕನಿಗೆ. ಮಗೂದು... ಹುಟ್ಟಿದ ವರ್ಷದ್ದು ಬೇಕಂತೆ. ಇಡೋದಕ್ಕೆ.'

'ಇಡೋದಕ್ಕೆ ಅರ್ಧನಾ? ತಲೆ ನೆಟ್ಟಗಿದ್ಯಾ ನಿಂಗೆ? ಆ ಹುಡುಗಿ ದೊಡ್ಡೋಳಾಗೋ ಹೊತ್ತಿಗೆ ಇದು ಕಥೆ ಮುಗಿಸಿ ಕೂತಿರುತ್ತೆ. ದೊಡ್ಡದು ಇದೆಯಲ್ಲ ಕೆಳಗೆ.'

'ಅವಳಿಗೆ ಇದೇ ಸಾಕಂತೆ.'

'ನಿನ್ನ ಕೈಲಿ ಚೀಟಿ ಬರೆಸಿಕೊಂಡು ನಾವು ಊರಿಗೆಲ್ಲ ಬುದ್ಧಿ ಹೇಳ್ತೀವಲ್ಲಪ್ಪ' ಎಂದು ಗಡ್ಡದವನು ತೆಳುಕಾಗದ ಸುತ್ತಿಕೊಟ್ಟ. ಎಲ್ಲ ಬಾಟಲಿಗೂ ಚೀಟಿ ಬರೆದು ಕಟ್ಟುವವನು ತನ್ನ ಈ ಬಾಟಲಿಗೆ ಕಟ್ಟಲಿಲ್ಲ. ಮರೆತೆ ಎಂದುಕೊಂಡ. ಮರೆತಿರಲಿಲ್ಲ.

ಬಸ್ಸಿನಲ್ಲಿ ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಕೂತ. ಎದುರಿಗೆ ನಿಂತಿದ್ದ ಮುದುಕಿಗೆ ಜಾಗ ಬಿಟ್ಟುಕೊಡಬೇಕೆಂದು ಹೊಳೆದಾಗ ಇನ್ಯಾರೋ ಎದ್ದುಬಿಟ್ಟಿದ್ದರು. ಮುದುಕಿ ಕೂರುತ್ತ ಅವನ ಕಡೆಗೇ ನೋಡಿದಳು. ಏನೂ ಇಲ್ಲದ ನೋಟ, ಆದರೂ ಅವನ ಕಿವಿ ಬಿಸಿಯಾಯಿತು. ಇತ್ತೀಚೆಗೆ ಯಾರು ನೋಡಿದರೂ ಹೀಗೆಯೇ. ಅಂಗಡಿಯಲ್ಲಿ ನಗು ಬಂದರೆ ಇದೇನು ನಗುವ ಹೊತ್ತೇ ಎನ್ನಿಸುತ್ತಿತ್ತು. ನಗದಿದ್ದರೆ ಎಲ್ಲರಿಗೂ ತಿಳಿದುಹೋಗುತ್ತದೆ ಎನ್ನಿಸುತ್ತಿತ್ತು. ಮೊನ್ನೆ ಬಟ್ಟೆ ಅಂಗಡಿಯ ಕನ್ನಡಿಯ ಮುಂದೆ ಕಪ್ಪು ಕೋಟು ಹಾಕಿ ನೋಡಿದ್ದ. ತನಗೆ ಒಪ್ಪುತ್ತದೆ ಅಂದುಕೊಂಡ ಮೇಲೆಯೇ, ಇದನ್ನು ಅಕ್ಕನ ಯಾವ ದಿನಕ್ಕೆಂದು ನೋಡುತ್ತಿದ್ದೇನೆ ಎಂಬುದು ಅರಿವಾಗಿ, ಅದನ್ನು ಕಿತ್ತೆಸೆಯುವ ಅವಸರದಲ್ಲಿ ತೋಳು ಸಿಕ್ಕಿಹಾಕಿಕೊಂಡು, ಮಾರುವ ಹುಡುಗಿ ಬಂದು ಬಿಡಿಸಬೇಕಾಗಿ ಬಂತು. 'ಒಳ್ಳೆ ಒಪ್ಪಿತ್ತಲ್ಲ ಸಾರ್' ಎಂದಿದ್ದಳು. ಬಸ್ಸು ತಿರುವಿನಲ್ಲಿ ವಾಲಿದಾಗ ಬಾಟಲಿಯನ್ನು ಇನ್ನಷ್ಟು ಒತ್ತಿ ಹಿಡಿದ. ಮೈ ಕಾವಿಗೆ ಅದು ಬೆಚ್ಚಗಾಗುತ್ತಿತ್ತು. ಹೀಗೆ ಬೆಚ್ಚಗಾಗಬಾರದು ಎಂದು ಚೀಟಿಗಳಲ್ಲಿ ಬರೆಯುವವನೂ ಅವನೇ.

ಅಕ್ಕನ ಮನೆ ನಾಲ್ಕನೆಯ ಮಹಡಿ. ಲಿಫ್ಟಿನ ಬಾಗಿಲಿಗೆ ಎಂದಿನಂತೆ ಕೆಟ್ಟಿದೆ ಎಂಬ ಹಲಗೆ ನೇತಾಡುತ್ತಿತ್ತು. ಮೆಟ್ಟಿಲು ಹತ್ತಿ ಬಂದಾಗ ಮನೆಯ ಬಾಗಿಲು ತೆಗೆದೇ ಇತ್ತು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಬಟಾಣಿಯ ಲಂಗ ಹರವಿಕೊಂಡು ಕೂತಿದ್ದಳು. ಊರವರ ಬಟ್ಟೆಗಳನ್ನು ಬಿಚ್ಚಿ ಅಳತೆಗೆ ತಕ್ಕಂತೆ ಹೊಲಿದುಕೊಡುವುದು ಅವಳ ಕಸುಬು. ಆಸ್ಪತ್ರೆಯಿಂದ ಬಂದ ಮೇಲೆ ಹೊರಗಿನ ಕೆಲಸ ನಿಂತಿತ್ತು, ಮಗಳ ಬಟ್ಟೆ ಮಾತ್ರ ಹೊಲಿಯುತ್ತಿದ್ದಳು. ಮಂಚದ ಮೇಲೆ ಚಿಕ್ಕ ಚಿಕ್ಕ ಲಂಗಗಳ ಅಟ್ಟಿಯೇ ಇತ್ತು.

'ಏದುಸಿರು ಬಿಡ್ತಿದ್ದೀಯಲ್ಲೋ. ಊರ ಲಿಫ್ಟೆಲ್ಲ ಸರಿ ಮಾಡೋರ ಹೆಂಡ್ತಿ ಮನೆಗೆ ಬರೋರು ಮೆಟ್ಟಿಲೇ ಹತ್ತಬೇಕು ನೋಡು.'

'ಭಾವ ಎಲ್ಲಿ?'

'ಬಟಾಣೀನ ಅವಳ ಗೆಳತಿ ಮನೆಯಿಂದ ಕರ್ಕೊಂಡು ಬರೋದಕ್ಕೆ ಹೋಗಿದಾರೆ. ಬಂತಾ ನನ್ನ ಬಾಟಲಿ?'

ಅವನು ಚೀಲದಿಂದ ತೆಗೆದು ಕೊಟ್ಟ. ಅಕ್ಕ ತೆಳುಕಾಗದವನ್ನು ಹರಿಯದೆ, ಮಡಿಕೆ ಮಡಿಕೆಯಾಗಿ ಬಿಡಿಸಿದಳು. ಹೊರಗೆ ಯಾರೋ ಕಂಬಳಿ ಕೊಡವುತ್ತಿದ್ದರು, ಪಟ್ ಪಟ್ ಸದ್ದು ಗೋಡೆಗೆ ಬಡಿದು ಮರಳುತ್ತಿತ್ತು. ಅವಳ ಹೆಬ್ಬೆರಳು ಬಾಟಲಿಯ ಕೊರಳ ಸುತ್ತ ತಿರುಗಿತು.

'ಚೀಟಿ ಎಲ್ಲೋ?'

'ಅವಸರದಲ್ಲಿ... ಮರೆತುಹೋಯ್ತು.'

'ಎಷ್ಟು ವರ್ಷ ಇಡಬಹುದು ಇದನ್ನ?'

ಕಲ್ಲುನೆಲ, ದಪ್ಪ ಸಿಪ್ಪೆ, ಒಗರು, ಎಲ್ಲ ಮಾತುಗಳೂ ಅವನ ಬಾಯೊಳಗೆ ಒಟ್ಟಿಗೆ ಬಂದು ಬಾಗಿಲಲ್ಲೇ ತಡೆದು ನಿಂತವು. 'ಒಳ್ಳೆ ತೋಟದ್ದು ಅಕ್ಕ' ಎಂದ.

'ಅರ್ಧ ಬಾಟಲೀದು ಬೇಗ ಮುಗಿದುಹೋಗುತ್ತೆ ಅಂತ ಇದೇ ಮನೇಲಿ ಕೂತು ನೀನೇ ಹೇಳಿದ್ದು. ನಿನ್ನ ಭಾವ ಆಕಳಿಸ್ತಾ ಇದ್ರು.'

ಅವನು ನೆಲ ನೋಡಿದ. ದಾರದ ತುಂಡುಗಳು ಚೆಲ್ಲಿದ್ದವು, ಕೆಂಪು, ನೀಲಿ. ಈಗ ಕೇಳುತ್ತಾಳೆ, ಈಗ ತಾನು ಅತ್ತುಬಿಡುತ್ತೇನೆ, ಭಾವನಿಗೆ ಕೊಟ್ಟ ಮಾತು ಮಣ್ಣುಪಾಲಾಗುತ್ತದೆ ಎಂದು ಕಾದ. ಒಳಗಿನ ಯಾವುದೋ ಹೇಡಿ ಮೂಲೆ ಅದಕ್ಕೇ ಕಾಯುತ್ತಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಬಾಟಲಿಯಿಂದ ಹೇಳಿಸಲೆಂದೇ ಇದನ್ನು ತಂದೆನೇ, ಎಂದು ಮೊದಲ ಸಲ ಕೇಳಿಕೊಂಡ.

'ನನಗೆ ಗೊತ್ತು ಕಣೋ' ಎಂದಳು ಅಕ್ಕ, ನೀರು ಬಂತು ಎನ್ನುವಷ್ಟು ಸಾದಾ ದನಿಯಲ್ಲಿ. 'ಆಸ್ಪತ್ರೆಯಿಂದ ಬಂದಾಗಿಂದ ನಿನ್ನ ಭಾವ ನನ್ನ ಜೊತೆ ಒಂದು ದಿನ ಜಗಳ ಆಡಿಲ್ಲ. ಸಾರಿಗೆ ಉಪ್ಪು ಮರೆತರೂ ಬಾಯಿ ಮುಚ್ಚಿಕೊಂಡು ತಿಂತಾರೆ. ಅಷ್ಟು ಸಾಲದಾ? ಆಮೇಲೆ ನಾನೇ ಹೋಗಿ ಡಾಕ್ಟರನ್ನ ಕೇಳಿದೆ. ಹೇಳಿದ್ರು.'

'ಅಕ್ಕ, ನಾನು...'

'ನೀನು ಬಾಯಿ ಸತ್ತೋನು. ನಿನ್ನ ಮೇಲೆ ನನಗೇನು ಸಿಟ್ಟಿಲ್ಲ.' ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಗಾಜು ಕಪ್ಪಗಿತ್ತು, ಏನೂ ಕಾಣಲಿಲ್ಲ. 'ಆದ್ರೆ ಪುಟ್ಟ, ನಾನು ಕೇಳಿದ್ದು ಅವಳು ಇಪ್ಪತ್ತೊಂದಕ್ಕೆ ಕುಡಿಯೋ ಬಾಟಲಿ. ನೀನು ಆರಿಸಿದ್ದು ನನ್ನ ಲೆಕ್ಕಕ್ಕೆ. ಅವಳು ಇರ್ತಾಳಲ್ಲೋ.'

ಕಂಬಳಿಯ ಸದ್ದು ನಿಂತಿತ್ತು. ಅವನಿಗೆ ನೆಲಮಾಳಿಗೆಯಲ್ಲಿ ಅಷ್ಟು ಹೊತ್ತು ನಿಂತು, ಅಷ್ಟೆಲ್ಲ ಯೋಚಿಸಿದಾಗ ಬಟಾಣಿ ಒಮ್ಮೆಯೂ ನೆನಪಾಗಿರಲಿಲ್ಲ. ಬಾಟಲಿಯನ್ನು ಕೊಡುವಾಗ ತನ್ನ ಮುಖ ಹೇಗಿರುತ್ತದೆ ಎಂಬುದೊಂದೇ ಇತ್ತು. ಅಕ್ಕ ಹೋಗುತ್ತಾಳೆ ಎಂಬ ಅಳಲಿನೊಳಗೆ, ಅವಳ ಹಿಂದೆ ಉಳಿಯುವ ಒಂದು ಮಗುವನ್ನೇ ಅಳಿಸಿಹಾಕಿದ್ದ. ಈಗ ಮಂಚದ ಮೇಲಿನ ಲಂಗಗಳ ಕಡೆ ಕಣ್ಣು ಹೋಯಿತು. ಪ್ರತಿಯೊಂದರ ಅಂಚೂ ಒಳಗೆ ಅಂಗೈ ಅಗಲ ಮಡಿಸಿತ್ತು, ಮಡಿಕೆಯೊಳಗೆ ಇನ್ನೊಂದು ಮಡಿಕೆ, ಸುಲಭವಾಗಿ ಬಿಚ್ಚಿಕೊಳ್ಳುವಂತೆ ಸಡಿಲವಾದ ಹೊಲಿಗೆ.

'ಒಳಗೆ ಬಟ್ಟೆ ಬಿಟ್ಟಿದ್ದೀನಿ' ಎಂದಳು ಅಕ್ಕ, ಅವನ ನೋಟ ಹಿಡಿದು. 'ಅವಳು ಬೆಳೆದ ಹಾಗೆ ದಾರ ಎಳೆದರೆ ಸಾಕು. ನಿನ್ನ ಭಾವನ ಕೈಲೂ ಆಗುತ್ತೆ. ಲಿಫ್ಟ್ ಇಳಿಸೋರಿಗೆ ಲಂಗ ಇಳಿಸೋಕೆ ಬರಲ್ವಾ.' ತಾನೇ ನಕ್ಕಳು, ನಗು ಕೆಮ್ಮಾಯಿತು. ಅವನು ನೀರು ತರಲು ಎದ್ದ. 'ನೀರು ಬೇಡ. ಇದನ್ನೇ ತೆಗಿ. ಹೇಗೂ ಇಡೋದಕ್ಕೆ ಬರಲ್ಲ.'

'ಡಾಕ್ಟರು ಬೇಡ ಅಂದಿದಾರಲ್ಲ. ಕುಡಿದ್ರೆ ಮತ್ತೆ...'

'ಮತ್ತೆ?' ಎಂದಳು ಅಕ್ಕ, ಹುಬ್ಬೇರಿಸಿ. ಅವನು ಬಿರಡೆ ಕೀಳುವುದನ್ನು ಹುಡುಕಲು ಅಡುಗೆಮನೆಗೆ ಹೋದ.

ನೀರಿನ ಎರಡು ಲೋಟಗಳಿಗೇ ಪೂರ್ತಿ ಬಗ್ಗಿಸಿದ. ಬಣ್ಣ ಹೆಚ್ಚುಕಡಿಮೆ ಮಸಿಯದು. ಅಕ್ಕ ಒಂದು ಗುಟುಕು ಕುಡಿದು ಮುಖವೆಲ್ಲ ಕಿವುಚಿದಳು. 'ಅಯ್ಯೋ, ನಾಲಿಗೆಗೆ ಗೋಣಿತಾಟು ಹೊದಿಸಿದ ಹಾಗಿದೆ. ಇದನ್ನ ಒಳ್ಳೆ ತೋಟದ್ದು ಅಂತೀಯ?' ಅವನೂ ಕುಡಿದ. ಒಗರು ಒಸಡುಗಳನ್ನು ಹಿಡಿದು ಹಿಂಡಿತು. ದೃಢ, ಸಂಯಮಿ, ಭರವಸೆಯದು ಎಂದು ಅವನೇ ಬರೆದ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಮುಚ್ಚಿದ ಬಾಗಿಲಿಗೆ ನಾಲಿಗೆ ತಾಗಿಸಿದಂತಿತ್ತು. ಎಷ್ಟೋ ಹೊತ್ತಾದ ಮೇಲೆ, ಒಗರಿನ ಹಿಂದೆ ಎಲ್ಲೋ, ಸಣ್ಣಗೆ ಹಣ್ಣಿನದೊಂದು ಎಳೆ ಬಂದು ಹೋಯಿತು. ಅವನು ಅದನ್ನು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅಕ್ಕನೇ, 'ಹಿಂದುಗಡೆ ಏನೋ ಇದೆ ಅಲ್ವಾ' ಎಂದಳು. ಇನ್ನೊಂದು ಗುಟುಕು ಕುಡಿದಳು. 'ಬುದ್ಧಿ ಬರೋದಕ್ಕೆ ಹದಿನಾರು ವರ್ಷ ಬೇಕು ಇದಕ್ಕೆ. ನಿನಗಿಂತ ವಾಸಿ.'

ಲೋಟ ಕೆಳಗಿಟ್ಟು ಅವಳು ಹೇಳಿದಳು: ಇದರದ್ದೇ ದೊಡ್ಡ ಬಾಟಲಿ ತಂದು ಅವನ ಅಂಗಡಿಯ ನೆಲಮಾಳಿಗೆಯಲ್ಲೇ ಮಲಗಿಸಬೇಕು, ಇಲ್ಲಿ ಇಟ್ಟರೆ ಭಾವ ಅದರ ಎದುರು ಕೂತು ಅಳುತ್ತಾರೆ. ಕೊರಳಿಗೆ ಚೀಟಿ ಕಟ್ಟಬೇಕು. 'ನಾನೇ ಬರೆಯೋಣ ಅಂದ್ರೆ, ಸೂಜಿಗೆ ನಡುಗದ ಕೈ ಪೆನ್ನಿಗೆ ನಡುಗುತ್ತೆ. ನೀನು ಬರಿ. ಬಟಾಣಿ ನಂದು ಅಂತಲೇ ಅಂದ್ಕೋತಾಳೆ.'

'ಏನಂತ ಬರೀಲಿ ಅಕ್ಕ?'

'ಮೊದಲನೇ ಗುಟುಕಿಗೆ ಮುಖ ಸಿಂಡರಿಸಬೇಡ ಅಂತ ಬರಿ.' ಸ್ವಲ್ಪ ತಡೆದಳು. 'ಅಷ್ಟೇ ಸಾಕು. ಉದ್ದ ಬರೆದರೆ ನನ್ನದಲ್ಲ ಅಂತ ಗೊತ್ತಾಗಿಬಿಡುತ್ತೆ.'

ಅವನು ತಲೆಯಾಡಿಸಿದ. ಇನ್ನೂ ಹುಟ್ಟದ ಒಂದು ಸುಳ್ಳಿಗೆ, ಇಪ್ಪತ್ತೊಂದು ವರ್ಷದ ಒಬ್ಬ ಹುಡುಗಿಗೆ ಹೇಳಬೇಕಾದ ಸುಳ್ಳಿಗೆ ಒಪ್ಪಿಕೊಂಡಿದ್ದ. ಬಾಗಿಲ ಹತ್ತಿರ ಬಂದಾಗ ಅಕ್ಕ ಮತ್ತೆ ಕರೆದಳು. 'ನನಗೆ ಗೊತ್ತು ಅಂತ ನಿನ್ನ ಭಾವನಿಗೆ ಹೇಳಬೇಡ. ಮುಚ್ಚಿಡೋದರಲ್ಲೇ ಅವರ ದಿನ ಹೋಗ್ತಿದೆ. ಆ ಕೆಲಸಾನೂ ಕಿತ್ಕೊಂಡ್ರೆ ಏನು ಮಾಡ್ತಾರೆ, ಪಾಪ. ಆ ಖಾಲಿ ಬಾಟಲಿ ಮನೇಲಿ ಬಿಡಬೇಡ, ತಗೊಂಡು ಹೋಗು.'

ಎರಡನೆಯ ಮಹಡಿಯ ತಿರುವಿನಲ್ಲಿ ಭಾವ ಎದುರಾದರು. ಬಟಾಣಿ ಅವರ ಭುಜದ ಮೇಲೆ ನಿದ್ದೆ ಹೋಗಿದ್ದಳು, ಬಾಯಿ ತೆರೆದಿತ್ತು. ಭಾವ ಮೆಟ್ಟಿಲ ಕಂಬಿಗೆ ಒರಗಿ ಉಸಿರು ತೆಗೆದುಕೊಂಡರು. ಮೇಲಕ್ಕೊಮ್ಮೆ ನೋಡಿ, ಪಿಸುದನಿಯಲ್ಲಿ, 'ಏನಾದ್ರೂ ಕೇಳಿದ್ಲಾ?' ಎಂದರು.

'ಇಲ್ಲ ಭಾವ.'

'ನಿನ್ನ ಬಾಯಿಂದ ಏನೂ ಬರ್ಲಿಲ್ಲ ತಾನೇ?'

'ಇಲ್ಲ.'

ಭಾವ ಹತ್ತಿರ ಬಂದರು. ಮೂಗು ಅರಳಿತು. ಅವನ ಚೀಲದ ಬಾಯಿಂದ ಇಣುಕುತ್ತಿದ್ದ ಬಾಟಲಿಯ ಕೊರಳನ್ನು ನೋಡಿದರು, ಅವನ ತುಟಿಗಳನ್ನು ನೋಡಿದರು. 'ಕುಡಿದಿದ್ದೀಯಾ? ಹಾಡುಹಗಲಲ್ಲಿ, ಅವಳ ಎದುರಿಗೆ?'

'ಹೂಂ.'

'ಒಬ್ಬನೇ?'

ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. 'ಹೂಂ ಭಾವ, ಒಬ್ಬನೇ.'

'ನಿನ್ನ ನಂಬಿಕೊಂಡು ನಾನು...' ಭಾವ ಮಾತು ಮುಗಿಸಲಿಲ್ಲ, ಮಗು ಏಳುತ್ತದೆಂದು. 'ಥೂ, ನಾಚಿಕೆ ಆಗ್ಬೇಕು ನಿನಗೆ' ಎಂದು ಅವನನ್ನು ದಾಟಿ ಮೇಲೆ ಹತ್ತಿದರು. ನಾಚಿಕೆ ಆಗುತ್ತಿತ್ತು, ಭಾವ ಹೇಳಿದ್ದಕ್ಕಲ್ಲ. ಆದರೆ ಯಾವುದಕ್ಕೆಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಅಂಗಡಿ ಮುಚ್ಚುವ ಮೊದಲು ಹೋಗಿ, ಗಡ್ಡದವನ ನಗುವನ್ನು ನುಂಗಿಕೊಂಡು, ದೊಡ್ಡ ಬಾಟಲಿಯನ್ನು ತೆಗೆದಿಡಿಸಬೇಕು. ಅವನು ಕೆಳಗೆ ನಿಂತೇ ನೋಡಿದ. ಭಾವನ ತೋಳಿನಿಂದ ಜೋತುಬಿದ್ದ ಬಟಾಣಿಯ ಲಂಗದ ಅಂಚು ಒಂದೊಂದು ಮೆಟ್ಟಿಲಿಗೂ ತೂಗುತ್ತಿತ್ತು. ಅದರ ಒಳಮಗ್ಗುಲಲ್ಲಿ ಮಡಿಕೆಯೊಳಗಿನ ಮಡಿಕೆ, ಅದರ ಮೇಲೆ ಎಡಕ್ಕೆ ಸೊಟ್ಟಗೆ ಓಡಿದ ಸಡಿಲ ಹೊಲಿಗೆ, ಕಣ್ಣಿಗೆ ಕಾಣುವಷ್ಟು ಹೊತ್ತೂ ಕಂಡಿತು. ಬಾಯಿ ಇನ್ನೂ ಒಗರಾಗಿತ್ತು.